ಎಲ್ಲವೂ ಅರ್ಜೆಂಟ್ ಆದರೆ

ಅಬ್ಬಾರ ಅಂಗಡಿಯ ಲೆಕ್ಕಕ್ಕೆಂದು ಒಂದು ಓಪನ್ ಸೋರ್ಸ್ ಬಿಲ್ಲಿಂಗ್ ತಂತ್ರಾಂಶವನ್ನು ನಾನೇ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೆ. ಗಿರಾಕಿಗಳ ಹೆಸರನ್ನು ಅಬ್ಬಾ ಉರ್ದುವಿನಲ್ಲೇ ಬರೆಸುತ್ತಾರೆ. ಆದರೆ ಪ್ರಿಂಟ್ ತೆಗೆದರೆ ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಬರುತ್ತಿದ್ದವು. ಗಿಟ್‌ಹಬ್‌ನಲ್ಲಿ ಆ ತಂತ್ರಾಂಶದ ಪುಟ ಹುಡುಕಿ "ಅರ್ಜೆಂಟ್!" ಎಂಬ ಶೀರ್ಷಿಕೆ ಕೊಟ್ಟು ದೂರು ಬರೆದೆ. ಇಂಥ ದೂರು, ಸಲಹೆಗಳಿಗೆ ಅಲ್ಲಿ 'ಇಶ್ಯೂ' ಎನ್ನುತ್ತಾರೆ.

ಮರುದಿನ ನೋಡಿದರೆ ಶೀರ್ಷಿಕೆಯಿಂದ 'ಅರ್ಜೆಂಟ್' ಮಾಯವಾಗಿತ್ತು. ಪಕ್ಕದಲ್ಲಿ ಎರಡು ಬಣ್ಣದ ಲೇಬಲ್‌ಗಳಿದ್ದವು: 'ಬಗ್' ಮತ್ತು 'ಆದ್ಯತೆ ಕಡಿಮೆ'. ನಮ್ಮ ಭಾಷೆಗೆ ಇಷ್ಟೇನಾ ಬೆಲೆ ಎಂದು ಬೇಸರವಾಯಿತು.

ಹಾಗಾದರೆ ಇವರಿಗೆ ಯಾವುದು ಮುಖ್ಯ ಎಂದು 'ಆದ್ಯತೆ ಹೆಚ್ಚು' ಎಂಬ ಲೇಬಲ್ ಒತ್ತಿದೆ. ಆ ಲೇಬಲ್ ಇರುವ ಇಶ್ಯೂಗಳಷ್ಟೇ ತೆರೆದುಕೊಂಡವು. ಮೊದಲನೆಯದು: ಕೆಲವೊಮ್ಮೆ ಸೇವ್ ಮಾಡಿದ ಬಿಲ್‌ಗಳೇ ಕಾಣೆಯಾಗುತ್ತವೆ! ನನಗೆ ಗಾಬರಿಯಾಯಿತು. ಅದೇ ಸಂಜೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದೆ. ಹೆಸರು ತಪ್ಪಾಗಿ ಬಂದರೆ ಗಿರಾಕಿ ನಕ್ಕು ಸುಮ್ಮನಾಗುತ್ತಾರೆ. ಉದ್ರಿ ಲೆಕ್ಕವೇ ಹೋದರೆ ಅಬ್ಬಾ ಯಾರನ್ನು ಕೇಳಬೇಕು?

ಆಮೇಲೆ ಲೇಬಲ್‌ಗಳನ್ನು ಗಮನವಿಟ್ಟು ಓದಿದೆ. ಗಿಟ್‌ಹಬ್ ತಾನಾಗಿ ಕೊಡುವ ಲೇಬಲ್‌ಗಳಲ್ಲಿ 'ಬಗ್' ಎಂದರೆ ದೋಷ, 'ಎನ್‌ಹ್ಯಾನ್ಸ್‌ಮೆಂಟ್' ಎಂದರೆ ಹೊಸ ಸೌಲಭ್ಯದ ಬೇಡಿಕೆ, 'ಡೂಪ್ಲಿಕೇಟ್' ಎಂದರೆ ಈಗಾಗಲೇ ಬಂದಿರುವ ದೂರು, 'ಗುಡ್ ಫಸ್ಟ್ ಇಶ್ಯೂ' ಎಂದರೆ ಹೊಸಬರು ಕೈಹಾಕಬಹುದಾದ ಕೆಲಸ. ಆದ್ಯತೆಯ ಲೇಬಲ್‌ಗಳನ್ನು ತಂಡದವರೇ ಮಾಡಿಕೊಳ್ಳುತ್ತಾರೆ. ಕುಬರ್ನೆಟೀಸ್‌ನಂಥ ದೊಡ್ಡ ಯೋಜನೆಯಲ್ಲಿ ಕೆಲಸದ ಬಗೆಗೆ ಒಂದು, ಆದ್ಯತೆಗೆ ಒಂದು ಎಂದು ಲೇಬಲ್‌ಗಳ ಗುಂಪುಗಳೇ ಇವೆ. ಏನು ಕೆಲಸ ಎಂಬುದು ಒಂದು ಪ್ರಶ್ನೆ, ಯಾವಾಗ ಮಾಡಬೇಕು ಎಂಬುದು ಇನ್ನೊಂದು. ದೂರು ಕೊಟ್ಟವರೆಲ್ಲ 'ಅರ್ಜೆಂಟ್' ಎಂದೇ ಬರೆದರೆ ಆ ಪದಕ್ಕೆ ಅರ್ಥ ಉಳಿಯುವುದಿಲ್ಲ.

ಮಾಡುವುದೇ ಇಲ್ಲ ಎನ್ನಲು 'ವೋಂಟ್‌ಫಿಕ್ಸ್' ಎಂಬ ಬೇರೆ ಲೇಬಲ್ ಇದೆ. ನನ್ನ ಇಶ್ಯೂಗೆ ಅದನ್ನು ಹಾಕಿರಲಿಲ್ಲ. ಹಾಗಾಗಿ ನನ್ನ ದೂರನ್ನು ಮತ್ತೆ ಬರೆದೆ. ಕೋಪದ ಮಾತು ತೆಗೆದು, ಯಾವ ಆವೃತ್ತಿ, ಯಾವ ಫಾಂಟ್, ಏನು ಮಾಡಿದಾಗ ಹೀಗಾಗುತ್ತದೆ ಎಂದು ವಿವರಿಸಿ, ಬಿಲ್ಲಿನ ಚಿತ್ರವನ್ನೂ ಸೇರಿಸಿದೆ. ಎರಡು ದಿನದಲ್ಲಿ ಮೂರನೆಯ ಲೇಬಲ್ ಬಂತು: 'ಹೆಲ್ಪ್ ವಾಂಟೆಡ್'. ಅರೇಬಿಕ್ ಬಳಸುವ ಒಬ್ಬರು ತಮಗೂ ಹೀಗೇ ಆಗುತ್ತಿದೆ ಎಂದು ಬರೆದರು.

ಹೆಸರು ಇನ್ನೂ ಸರಿಯಾಗಿಲ್ಲ. ಅಬ್ಬಾ ಪ್ರಿಂಟ್ ಆದ ಬಿಲ್ಲಿನ ಮೇಲೆ ಪೆನ್ನಿನಿಂದ ಹೆಸರು ಬರೆದು ಕೊಡುತ್ತಾರೆ. ನಾನು ಮಾತ್ರ ಅಂಗಡಿ ಮುಚ್ಚುವ ಮೊದಲು ದಿನವೂ ಬ್ಯಾಕಪ್ ತೆಗೆಯುತ್ತೇನೆ.