ಬಿಡಾರದ ಅಗ್ನಿ

ಮಲಪ್ರಭೆಯ ದಂಡೆಯ ಮೇಲಿರುವ ರಾಮದುರ್ಗವು ಯಾತ್ರಿಕರ ದಾರಿಯ ಊರು. ಒಂದು ಕಡೆಗೆ ಸುರೇಬಾನದ ಬಳಿಯ ಶಬರಿಕೊಳ್ಳ, ಇನ್ನೊಂದು ಕಡೆಗೆ ವೀರಭದ್ರನ ಗೊಡಚಿ. ಪಡುವಣಕ್ಕೆ ತೊರಗಲ್ಲಿನ ಹಳೆಯ ಕೋಟೆಯನ್ನು ಹಿಂದಿಕ್ಕಿ ಹೋದರೆ ಸವದತ್ತಿಯ ಯಲ್ಲಮ್ಮನ ಗುಡ್ಡ. 1948ರವರೆಗೆ ಭಾವೆ ಮನೆತನದ ಸಂಸ್ಥಾನಕ್ಕೆ ರಾಜಧಾನಿಯಾಗಿದ್ದು, ಆ ವರುಷ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಊರಿನ ಚರಿತ್ರೆಯನ್ನು ಬಲ್ಲವರು ಅನೇಕರು. ಆದರೆ ಇಂದು ನಾನು ಹೇಳಹೊರಟಿರುವುದು ಅರಸರ ಕಥೆಯಲ್ಲ. ಈ ದಾರಿಯಲ್ಲಿ ಬಿಡಾರ ಹೂಡುವವರ ಒಲೆಯ ಕಥೆ.

ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಈ ಸೀಮೆಯ ಹಾದಿಗಳು ಬರಿದಾಗಿರುವುದಿಲ್ಲ. ಹಿಂದೆ ಚಕ್ಕಡಿಗಳು ಸಾಲುಗಟ್ಟಿ ಸಾಗುತ್ತಿದ್ದುವು. ಈಗ ಅವುಗಳ ಜೊತೆಗೆ ಟ್ರ್ಯಾಕ್ಟರುಗಳೂ ಮೋಟಾರುಗಳೂ ಸೇರಿಕೊಂಡಿವೆ. ಜೋಗುಳಬಾವಿಯಲ್ಲಿ ಮಿಂದು, ಉಧೋ ಉಧೋ ಎನ್ನುತ್ತ ಗುಡ್ಡವನ್ನೇರಿದ ಭಕ್ತರು ಬಯಲಿನಲ್ಲಿಯೇ ಬೀಡುಬಿಟ್ಟು, ಹೋಳಿಗೆ ಕಡುಬುಗಳ ಅಡಿಗೆ ಮಾಡಿ ಪಡ್ಡಲಗಿ ತುಂಬಿಸುವುದು ವಾಡಿಕೆ. ಇದು ಎರೆಯ ನಾಡು, ಕಾಡು ವಿರಳ. ಆದಕಾರಣ ಜಾಣೆಯಾದ ಗೃಹಿಣಿಯು ಮನೆಯಿಂದಲೇ ಹತ್ತಿಕಟ್ಟಿಗೆಯನ್ನೂ ಕುಳ್ಳನ್ನೂ ಹೇರಿಕೊಂಡು ಬರುತ್ತಿದ್ದಳು. ಮೂರು ಕಲ್ಲು ಹೂಡಿದರೆ ಒಲೆಯಾಯಿತು. ಆದರೆ ಗುಡ್ಡದ ಗಾಳಿಗೆ ಆ ಒಲೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಈ ಕಷ್ಟವನ್ನು ತಗ್ಗಿಸಿದುದು ಚಿಮಣಿ ಎಣ್ಣೆಯ ಸ್ಟೋವು.

ಬೆಂಕಿಯನ್ನು ಜೊತೆಗೆ ಕೊಂಡೊಯ್ಯುವ ಆಲೋಚನೆಯು ನಮ್ಮವರಿಗೆ ಹೊಸದೇನೂ ಅಲ್ಲ. ಆಹಿತಾಗ್ನಿಯಾದವನು ಪ್ರಯಾಣಕ್ಕೆ ಹೊರಡುವಾಗ ತನ್ನ ಅಗ್ನಿಯನ್ನು ಅರಣಿಗಳಲ್ಲಿ ಸಮಾರೋಪಣ ಮಾಡಿಕೊಂಡು, ತಂಗುವ ಸ್ಥಳದಲ್ಲಿ ಮಥಿಸಿ ಮತ್ತೆ ಪಡೆಯಬೇಕೆಂದು ವಿಧಿಯುಂಟು. ಅಗ್ಗಿಷ್ಟಿಕೆಗೆ ಅಮರಕೋಶವು ಕೊಡುವ ಹೆಸರುಗಳಲ್ಲಿ ಅಂಗಾರಶಕಟೀ, ಹಸಂತೀ ಎಂಬವೂ ಇವೆ. ಕೆಂಡದ ಬಂಡಿಯೆಂಬುದು ಮೊದಲನೆಯದರ ಅರ್ಥ, ನಗುವವಳೆಂಬುದು ಎರಡನೆಯದರದು. ಚಳಿಯಲ್ಲಿ ನಡುಗುವವನ ಮುಂದೆ ಕೆಂಪಗೆ ಬೆಳಗುವ ಕೆಂಡಕ್ಕೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ಇಂದಿನ ಹಸಂತಿಯನ್ನು ನಿರ್ಮಿಸಿದವನು ಸ್ವೀಡನ್ ದೇಶದ ಲಿಂಡ್‌ಕ್ವಿಸ್ಟ್. 1892ರಲ್ಲಿ ಅವನು ರೂಪಿಸಿದ ಪ್ರೈಮಸ್ ಸ್ಟೋವಿನ ಮರ್ಮವು ಸರಳವಾದುದು. ಚಿಮಣಿ ಎಣ್ಣೆಯು ದ್ರವವಾಗಿರುವಾಗ ಚೆನ್ನಾಗಿ ಉರಿಯದು, ಆವಿಯಾದರೆ ಉರಿಯುವುದು. ಮೊದಲು ಬಟ್ಟಲಿನಲ್ಲಿ ತುಸು ಸ್ಪಿರಿಟ್ ಹೊತ್ತಿಸಿ ಮೇಲಿನ ನಳಿಗೆಯನ್ನು ಕಾಯಿಸಬೇಕು. ಬಳಿಕ ಪಂಪು ಒತ್ತಿದರೆ ಗಾಳಿಯ ಒತ್ತಡದಿಂದ ಎಣ್ಣೆ ಮೇಲೇರಿ, ಕಾದ ನಳಿಗೆಯಲ್ಲಿ ಆವಿಯಾಗಿ, ಸೂಜಿಮೊನೆಯಂತಹ ರಂಧ್ರದಿಂದ ಹೊರಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುವುದು. ಜ್ವಾಲೆ ಹಳದಿಯಾದರೆ ಎಣ್ಣೆ ಪೂರ್ಣವಾಗಿ ದಹಿಸುತ್ತಿಲ್ಲವೆಂದು ತಿಳಿದು, ರಂಧ್ರವನ್ನು ಪಿನ್ನಿನಿಂದ ಶುದ್ಧಗೊಳಿಸಬೇಕು.

ಈ ಪುಟ್ಟ ಯಂತ್ರವು ಭೂಮಿಯ ಎರಡು ತುದಿಗಳನ್ನೂ ಕಂಡಿದೆ. 1895ರಲ್ಲಿ ನಾನ್ಸೆನ್ ಉತ್ತರ ಧ್ರುವದ ಕಡೆಗೆ ಹಿಮದ ಮೇಲೆ ನಡೆದಾಗ ಇದು ಅವನ ಸಂಗಡ ಇದ್ದಿತು. ದಕ್ಷಿಣ ಧ್ರುವದ ಕಥೆಯಂತೂ ಪ್ರತಿಯೊಬ್ಬ ಗೃಹಸ್ಥನೂ ತಿಳಿಯತಕ್ಕುದು. ಅಮುಂಡ್‌ಸೆನ್ ತನ್ನ ಎಣ್ಣೆಯ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದನು; 1911ರ ಡಿಸೆಂಬರಿನಲ್ಲಿ ಧ್ರುವವನ್ನು ಮುಟ್ಟಿ ಸುಖವಾಗಿ ಮರಳಿದನು. ಸ್ಕಾಟನ ಡಬ್ಬಿಗಳ ಮುಚ್ಚಳಕ್ಕೆ ಇದ್ದುದು ಚರ್ಮದ ಬಿಲ್ಲೆ. ಕಡುಚಳಿಗೆ ಆ ಚರ್ಮ ಕೆಟ್ಟು, ಎಣ್ಣೆ ಸೋರಿ ಆವಿಯಾಗಿ ಹೋಯಿತು. 1912ರಲ್ಲಿ ಮರಳುವ ದಾರಿಯಲ್ಲಿ ಅವನ ತಂಡವು ತಾನು ಕೂಡಿಟ್ಟಿದ್ದ ನೆಲೆಗಳಲ್ಲಿ ಎಣ್ಣೆಯ ಕೊರತೆಯನ್ನೇ ಕಂಡಿತು. ಅವರ ಮರಣಕ್ಕೆ ಕಾರಣಗಳು ಹಲವು. ಆ ಚರ್ಮದ ಬಿಲ್ಲೆಯೂ ಅವುಗಳಲ್ಲಿ ಒಂದು. ನಮ್ಮ ಸ್ಟೋವಿನ ಪಂಪಿನಲ್ಲಿಯೂ ಅಂತಹುದೇ ಚರ್ಮದ ಬಿಲ್ಲೆಯಿರುವುದು. ಅದು ಒಣಗದಂತೆ ಆಗಾಗ ಎರಡು ಹನಿ ಎಣ್ಣೆ ಬಿಡುವುದು ಅಲ್ಪಕಾರ್ಯವೆಂದು ಯಾರೂ ಭಾವಿಸಬಾರದು.

ಹಿಮದ ಮಾತು ನಮಗೆ ದೂರದ್ದೆಂದೂ ತಿಳಿಯಬೇಕಾಗಿಲ್ಲ. ಸಿಯಾಚಿನ್ನಿನ ಎತ್ತರದಲ್ಲಿ ನಮ್ಮ ಸೈನಿಕರು ಕುಡಿಯುವ ನೀರಿಗೂ ಮಂಜುಗಡ್ಡೆಯನ್ನು ಈ ಎಣ್ಣೆಯ ಒಲೆಯ ಮೇಲೆಯೇ ಕರಗಿಸಿಕೊಳ್ಳಬೇಕು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಅಲ್ಲಿಯೇ 2016ರ ಫೆಬ್ರುವರಿ 3ರಂದು ಹಿಮಪಾತದಲ್ಲಿ ಹೂತುಹೋಗಿ, ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, 11ರಂದು ದಿಲ್ಲಿಯಲ್ಲಿ ಅಸುನೀಗಿದರು. ನಮ್ಮ ಎರೆಹೊಲಗಳಿಂದ ಹೋದ ಮಕ್ಕಳು ಎಂತಹ ಚಳಿಯಲ್ಲಿ ಒಂದು ಸಣ್ಣ ಜ್ವಾಲೆಯನ್ನು ಕಾಯ್ದುಕೊಂಡು ರಾತ್ರಿ ಕಳೆಯುವರೆಂಬುದನ್ನು ನೆನೆದರೆ, ಮಾಘದ ಚಳಿಗೆ ನಾವು ಗೊಣಗುವುದು ನಾಚಿಕೆಯ ಸಂಗತಿಯೇ ಸರಿ.

ಹಿತವಾದ ಅಗ್ನಿಯೇ ಅಜಾಗ್ರತೆಯಿಂದ ಮೃತ್ಯುವಾದೀತು. ಕೆನಡಾ, ಫಿನ್ಲೆಂಡ್ ಮುಂತಾದ ಶೀತದೇಶಗಳಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಹೂಡಿ, ಮಂಜಿಗೆ ತೂತು ಕೊರೆದು ಮೀನು ಹಿಡಿಯುವವರುಂಟು. ಒಳಗೆ ಒಲೆ ಉರಿಸಿ ಗಾಳಿಯ ಕಿಂಡಿಯನ್ನು ಮುಚ್ಚಿಕೊಂಡವರು ನಿದ್ರೆಯಲ್ಲಿಯೇ ಮಡಿದುದುಂಟು. ಟ್ರ್ಯಾಕ್ಟರಿಗೆ ಸುತ್ತಲೂ ತಾಡಪತ್ರಿ ಬಿಗಿದು, ಮಕ್ಕಳಿಗೆ ಬೆಚ್ಚಗಾಗಲೆಂದು ಒಳಗೆ ಸ್ಟೋವನ್ನೋ ಕೆಂಡವನ್ನೋ ಇಟ್ಟು ಮಲಗುವ ನಮ್ಮ ಯಾತ್ರಿಕರಿಗೂ ಅದೇ ಅಪಾಯವು ಕಾದಿರುತ್ತದೆ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದೊಡನೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಬೆಸೆದುಕೊಳ್ಳುವುದು. ಮೊದಲು ತಲೆನೋವು, ಬಳಿಕ ಓಕರಿಕೆ, ಮಂಪರು. ಆಮೇಲೆ ಎಚ್ಚರವೇ ಇಲ್ಲ. ಹೊಗೆ ಕಾಣದುದರಿಂದ ಅಪಾಯವಿಲ್ಲವೆಂದು ನಂಬುವುದೇ ಮಹಾಪ್ರಮಾದ.

ಆದುದರಿಂದ ಅಡಿಗೆಯು ಬಯಲಿನಲ್ಲಿ, ಗಾಳಿಗೆ ಮರೆಯಿಟ್ಟು ನಡೆಯಲಿ. ಉರಿಯುವ ಸ್ಟೋವಿಗೆ ಎಣ್ಣೆ ಹೊಯ್ಯಬಾರದು. ಅದು ಆರಿ ತಣ್ಣಗಾದ ಮೇಲೆಯೇ ಹೊಯ್ಯಬೇಕು. ಚಿಮಣಿ ಎಣ್ಣೆಯ ಬದಲಿಗೆ ಪೆಟ್ರೋಲು ಬೆರೆಸುವುದಂತೂ ಸರ್ವಥಾ ಕೂಡದು. ಅದರ ಆವಿಗೆ ದೂರದ ಕಿಡಿಯೇ ಸಾಕು. ಎಣ್ಣೆ ಚೆಲ್ಲಿ ಹೊತ್ತಿಕೊಂಡರೆ ನೀರು ಸುರಿಯಬಾರದು. ಎಣ್ಣೆಯು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುವುದು. ಮರಳು ಇಲ್ಲವೆ ನೆನೆಸಿದ ಗೋಣಿ ಕೈಯಳತೆಯಲ್ಲಿರಲಿ. ಚಳಿಗೆ ಕಂಬಳಿಯುಂಟು, ಮಲಗುವ ಮುನ್ನ ಬೆಂಕಿಯನ್ನು ಆರಿಸಿ ಹೊರಗಿಡಬೇಕು.

ಈಗ ಚಿಮಣಿ ಎಣ್ಣೆ ಹಿಂದಿನಂತೆ ಸುಲಭವಾಗಿ ದೊರೆಯದು. ಬಿಡಾರಗಳಲ್ಲಿ ಸಣ್ಣ ಗ್ಯಾಸಿನ ಸಿಲಿಂಡರುಗಳು ಕಾಣತೊಡಗಿವೆ. ಉಪಕರಣ ಬದಲಾದರೂ ಅಗ್ನಿಯ ಸ್ವಭಾವವು ಬದಲಾಗದು. ಮುಚ್ಚಿದ ಬಿಡಾರದಲ್ಲಿ ಅದರ ವಿಷವೂ ಒಂದೇ. ಅಗ್ನಿಯನ್ನು ನಮ್ಮ ಹಿರಿಯರು ಅತಿಥಿಯೆಂದು ಕರೆದರು. ಅತಿಥಿಯನ್ನು ಆದರದಿಂದ ಕಾಣಬೇಕು. ಮಕ್ಕಳು ಮಲಗಿರುವೆಡೆಯಲ್ಲಿ ಒಬ್ಬನನ್ನೇ ಬಿಟ್ಟು ನಿದ್ರಿಸಬಾರದು. ಇಷ್ಟನ್ನು ಪಾಲಿಸಿದ ಕುಟುಂಬವು ಗುಡ್ಡಕ್ಕೆ ಹೋದಷ್ಟೇ ಮಂದಿಯಾಗಿ ಮನೆಗೆ ಮರಳುವುದು. ಯಾತ್ರೆಯ ಫಲಗಳಲ್ಲಿ ಅದೇನು ಸಣ್ಣದೇ?