ಗಜನಿಯೂ ಸವಳು ಹೊಲವೂ

ಕಲಬುರಗಿ, 2 ಫೆಬ್ರುವರಿ 2024, ಶುಕ್ರವಾರ

ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಸುದ್ದಿ ಓದಿದಾಗಿನಿಂದ ಕುಮಟಾ ತಾಲ್ಲೂಕಿನ ಮಾಣಿಕಟ್ಟದಲ್ಲಿ ನೋಡಿದ ಗಜನಿಯೇ, ಅಳಿವೆಯಂಚಿನ ಆ ತಗ್ಗು ಗದ್ದೆಯೇ, ಕಣ್ಣಮುಂದೆ. ಮಳೆ ಬಂದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಗೊಬ್ಬರ ಬೇಡ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಏಳುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಂದರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು.

ಮಣ್ಣಿನ ಒಡ್ಡು, ನೀರು ತಡೆದು ಬಿಡುವ ಮರದ ಹಲಗೆ, ಹಲಗೆ ಎತ್ತುವ ಹೊತ್ತು, ಎಲ್ಲವೂ ಊರವರ ಕೈಯಲ್ಲಿತ್ತು. 1970ರ ದಶಕದಲ್ಲಿ ಗಟ್ಟಿ ಕಲ್ಲಿನ ಒಡ್ಡು ಬಂತು. ಒಡ್ಡು ಗಟ್ಟಿಯಾದಂತೆ ಊರಿನ ಕಟ್ಟುಪಾಡು ಸಡಿಲವಾಯಿತು. ಆಮೇಲೆ ಸಿಗಡಿ ಕೃಷಿಯ ಭರಾಟೆ. ಒಡ್ಡು ಒಡೆದ ಎಷ್ಟೋ ಗಜನಿ ಪಾಳು ಬಿದ್ದವು. ಪಾಳು ಎನ್ನುವುದೂ ಪೂರ್ತಿ ಸರಿಯಲ್ಲ. ಉಬ್ಬರ ಮರಳಿದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ತಾನಾಗಿ ಎದ್ದಿದೆ.

ಕಮಲಾಪುರ, 4 ಫೆಬ್ರುವರಿ, ರವಿವಾರ

ಕಾಕಾನ ಹೊಲಕ್ಕೆ ಹೋಗಿದ್ದೆ. ಮೇಲಿನ ತುಂಡಿನಲ್ಲಿ ಕೆಂಪು ಬಾಳೆ ಸೊಗಸಾಗಿದೆ. ಕೆಳಗಿನ ತುಂಡಿನಲ್ಲಿ ಸವಳು, ಸುಣ್ಣ ಚೆಲ್ಲಿದ ಹಾಗೆ. ರಸ್ತೆ ಎತ್ತರಿಸಿದಾಗ ಇಟ್ಟ ಪೈಪು ಸಣ್ಣದು, ಹೂಳು ತುಂಬಿದೆ. ನಿಂತ ನೀರು ಬಿಸಿಲಿಗೆ ಆರಿ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ.

“ಜಿಪ್ಸಂ ಹಾಕಬೇಕಂತ ಮಾಡೀನಿ” ಎಂದರು.

“ಹಾಕ್ರಿ ಕಾಕಾ. ಆದ್ರ ಮೊದಲ ನೀರಿಗಿ ಹಾದಿ ಮಾಡ್ರಿ. ತೊಳದ ಉಪ್ಪು ಎಲ್ಲಿಗಿ ಹೋಗಬೇಕು?”

ಗಜನಿಯ ಕಥೆ ಹೇಳಿದೆ. ಸಮುದ್ರದ ನೀರು ನೆಲ ಕೆಡಿಸುವುದಿಲ್ಲವೇ ಎಂದು ಕೇಳಿದರು. ಕಡಲಂಚಿನ ಜೌಗು ಕೆಡುವುದು ಉಬ್ಬರದ ನೀರು ತಡೆದಾಗಲೇ ಎಂದೆ. ಉಬ್ಬರದಲ್ಲಿ ತೋಯುವ ಕೆಸರು ಗಂಧಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಣಗಿ ಗಾಳಿ ತಾಗಿದರೆ ಅದು ಆಮ್ಲವಾಗುತ್ತದೆ, ನೆಲವೂ ತಗ್ಗುತ್ತದೆ. ಅಮೆರಿಕದ ಹೆರಿಂಗ್ ನದಿಗೆ 1909ರಲ್ಲಿ ಅಡ್ಡಗಟ್ಟೆ ಹಾಕಿದ್ದರಿಂದ ಆದದ್ದು ಇದೇ. ಕಡಲನ್ನು ಮತ್ತೆ ಒಳಗೆ ಬಿಡುವ ಕೆಲಸ ಅಲ್ಲಿ 2023ರಲ್ಲಿ ಶುರುವಾಯಿತು. ತಗ್ಗಿದ ನೆಲ ಒಮ್ಮೆಗೇ ಮುಳುಗಬಾರದು, ಗೇಟು ಇಷ್ಟಿಷ್ಟೇ ಎತ್ತಬೇಕು. ನೂರು ವರ್ಷದ ಹಾನಿಗೆ ಅವಸರದ ಮದ್ದಿಲ್ಲ.

ಕಲಬುರಗಿ, 10 ಫೆಬ್ರುವರಿ, ಶನಿವಾರ

ಕಾಕಾನ ಫೋನು. ಪೈಪಿನ ಹೂಳು ತೆಗೆಸಿ, ನಾಲೆಯವರೆಗೆ ಬಸಿಗಾಲುವೆ ಎಳೆಸಿದ್ದಾರೆ. ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಮಳೆಗಾಲ ಬರಬೇಕು. ಕಗ್ಗದ ಬೀಜ ಇಲ್ಲಿ ಬರುತ್ತದೆಯೇ ಎಂದು ಕೇಳಿದರು. ಅದಕ್ಕೆ ಕರಾವಳಿಯ ಮಳೆಯೇ ಬೇಕು ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ಮುಂದಿನ ಸಲ ಹೋಗೂವಾಗ ನನ್ನೂ ಕರಕೊಂಡು ಹೋಗು. ಆ ಹಲಗಿ ಹೆಂಗ ಎತ್ತತಾರ ನೋಡಬೇಕು” ಎಂದರು.