ತಂಗಡಗಿಯ ದಂಡೆಯಲ್ಲಿ ಮಗಳು ಕೇಳಿದ ಪ್ರಶ್ನೆ

ಲಂಡನ್ನಿನ ಕೋಟೆ, ಅರಮನೆಗಳನ್ನು ಟಿ.ವಿ.ಯಲ್ಲಿ ಕಂಡು ನಾವು ಬೆರಗಾಗುತ್ತೇವೆ. ಆದರೆ ನಮ್ಮ ಜಿಲ್ಲೆಯಲ್ಲೇ ಇರುವ ಚರಿತ್ರೆಯನ್ನು ಮಕ್ಕಳಿಗೆ ಎಷ್ಟು ತೋರಿಸಿದ್ದೇವೆ? ಕಳೆದ ರಜೆಯಲ್ಲಿ ತಂಗಡಗಿಯ ನಾದಿನಿಯ ಮನೆಗೆ ಹೋಗಿದ್ದಾಗ, ಕ್ರೂಸರ್ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು ಎಲ್ಲರೂ ವಿಜಯಪುರಕ್ಕೆ ಹೊರಟೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಹೊರಡುವ ಮುನ್ನ ಕೃಷ್ಣಾ ನದಿಯ ದಂಡೆಗೆ ಹೋದೆವು. ಇಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ನದಿಯಾಚೆ ಕೂಡಲಸಂಗಮ. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ ಯುದ್ಧವನ್ನು ರಕ್ಕಸ-ತಂಗಡಗಿ ಯುದ್ಧವೆಂದೂ ಕರೆಯುತ್ತಾರೆ. ಇದನ್ನು ಹೇಳುತ್ತಿದ್ದಂತೆ ಏಳನೇ ತರಗತಿಯ ಮಗಳು ಕೇಳಿದಳು:

"ಅಮ್ಮೀ, ಆ ಯುದ್ಧದಲ್ಲಿ ನಾವು ಯಾರ ಕಡೆ? ಹಂಪಿಯನ್ನು ಹಾಳು ಮಾಡಿದ್ದು ನಿಮ್ಮವರೇ ಅಂತ ಗೆಳತಿ ಅಂದಳು."

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. "ಹೋಗ್ತಾ ಹೇಳ್ತೀನಿ ಬಾ" ಎಂದೆ.

ಮುದ್ದೇಬಿಹಾಳ ದಾಟಿದ ಮೇಲೆ ಹೇಳತೊಡಗಿದೆ. ವಿಜಯಪುರದ ಒಂದನೇ ಅಲಿ ಆದಿಲ್ ಶಾಹ್ ಆ ಯುದ್ಧಕ್ಕೆ ಕೆಲವೇ ವರ್ಷಗಳ ಹಿಂದೆ ವಿಜಯನಗರದ ರಾಮರಾಯನ ಮಿತ್ರ. ಇಬ್ಬರೂ ಕೂಡಿ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಮೇಲೆ ದಂಡೆತ್ತಿ ಹೋಗಿದ್ದರು. ಆಮೇಲೆ ಅಲಿ ಅದೇ ಹುಸೇನನ ಮಗಳನ್ನು ಮದುವೆಯಾದ. ಹಗೆಗಳು ಬೀಗರಾದರು, ಮಿತ್ರ ಹಗೆಯಾದ. ರಾಮರಾಯನ ಸೈನ್ಯದಲ್ಲೂ ಮುಸ್ಲಿಮರಿದ್ದರು.

ಆ ಮದುಮಗಳೇ ಚಾಂದ್ ಬೀಬಿ. ಸಹೋದರಿಯರೇ, ರಾಜರು ಆಕೆಯನ್ನು ಒಪ್ಪಂದದ ಗಂಟಾಗಿಸಿದರು. ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. 1580ರಲ್ಲಿ ಪತಿ ತೀರಿಕೊಂಡಾಗ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯದ ಹೊಣೆ ಹೊತ್ತಳು. 1595-96ರಲ್ಲಿ ತವರು ಅಹ್ಮದ್‌ನಗರದ ಕೋಟೆಯನ್ನು ಅಕ್ಬರನ ಸೈನ್ಯದಿಂದ ಕಾಪಾಡಿದಳು. ಕೊನೆಗೆ ತನ್ನವರ ಕೈಯಲ್ಲೇ ಕೊಲೆಯಾದಳು. ವಿಜಯಪುರದ ಚಾಂದ್ ಬಾವಡಿಗೆ ಆಕೆಯದೇ ಹೆಸರು.

ಊರು ಸೇರಿ ಮೊದಲು ಗೋಲ್ ಗುಂಬಜ್ ನೋಡಿದೆವು. ಅದರ ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟಕ್ಕಿಂತ ದೊಡ್ಡದು. ಒಳಗೆ ಒಂದೂ ಕಂಬವಿಲ್ಲ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಮಗ ಈ ಕಡೆ ಗೋಡೆಗೆ ಬಾಯಿಟ್ಟು ಹೇಳಿದ ಗುಟ್ಟು ಆ ಕಡೆ ನಿಂತ ಅಕ್ಕನ ಕಿವಿಗೆ ಬಿತ್ತು.

ಮಲಿಕ್-ಎ-ಮೈದಾನ್ ತೋಪಿನ ಬಾಯಿ ಆನೆಯನ್ನು ಕಚ್ಚಿದ ಸಿಂಹದ್ದು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಮಧ್ಯಾಹ್ನ ಜಾಮಿಯಾ ಮಸೀದಿಯಲ್ಲಿ ಪತಿ ಮತ್ತು ಮಗ ನಮಾಝ್ ಮುಗಿಸಿದರು. ಕೊನೆಗೆ ಇಬ್ರಾಹೀಮ್ ರೋಜಾ. ಚಾಂದ್ ಬೀಬಿಯ ನೆರಳಲ್ಲಿ ಬೆಳೆದ ಆ ಬಾಲಕನ ಸಮಾಧಿ ಅಲ್ಲಿದೆ, ಪಕ್ಕದಲ್ಲಿ ರಾಣಿ ತಾಜ್ ಸುಲ್ತಾನ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳೇ ಜಾಲರಿ. ಸಂಗೀತಪ್ರಿಯನಾದ ಈ ದೊರೆಯನ್ನು ಜನ ಜಗದ್ಗುರು ಎಂದು ಕರೆದರು. ಈ ವೈಭವವನ್ನು 1686ರಲ್ಲಿ ಮುಗಿಸಿದ್ದು ಔರಂಗಜೇಬ್.

ಅಲ್ಲಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದಾಗ ಮಗಳಿಗೆ ಹೇಳಿದೆ: "ಗೆದ್ದವರು ಹಂಪಿಯನ್ನು ಕೊಳ್ಳೆ ಹೊಡೆದದ್ದು ನಿಜ. ಅದು ಅನ್ಯಾಯ. ನಮ್ಮವರು ಮಾಡಿದರೆಂದು ಅನ್ಯಾಯವನ್ನು ನ್ಯಾಯವೆನ್ನಲು ನಮ್ಮ ಧರ್ಮ ಒಪ್ಪುವುದಿಲ್ಲ. ಆದರೆ ಆ ಜಗಳ ರಾಜ್ಯಕ್ಕಾಗಿ, ರಾಜರು ಮಾಡಿದ್ದು. ಅದರ ಲೆಕ್ಕ ಕೊಡಬೇಕಾದವಳು ನೀನಲ್ಲ, ಕೇಳಬೇಕಾದವಳು ನಿನ್ನ ಗೆಳತಿಯಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಅವಳನ್ನೂ ಕರ್ಕೊಂಡು ಬರೋಣ" ಎಂದಳು.

ಸಹೋದರಿಯರೇ, ಇಂತಹ ಪ್ರಶ್ನೆ ನಿಮ್ಮ ಮಕ್ಕಳ ಕಿವಿಗೂ ಒಂದು ದಿನ ಬೀಳುತ್ತದೆ. ಅದಕ್ಕೆ ಮುಂಚೆ ಒಂದು ಬುತ್ತಿ ಕಟ್ಟಿ, ಅವರನ್ನು ಕರೆದುಕೊಂಡು ಹೊರಡಿ.